ಹನೋರಾಳ ಅಂಕಿತ

ಸಿಂಗಪುರದಲ್ಲಿ ಮೊಸರಿಗೆ ತಾಳ್ಮೆಯೆಂಬುದೇ ಇಲ್ಲ. ಸಂಜೆ ಹೆಪ್ಪು ಹಾಕಿ ಬೆಳಿಗ್ಗೆ ಏಳುವುದು ಒಂದಿಷ್ಟು ತಡವಾದರೆ ಸಾಕು, ಮುಚ್ಚಳ ತೆಗೆಯುವ ಮೊದಲೇ ಅದರ ಹುಳಿ ವಾಸನೆ ಅಡುಗೆಮನೆ ದಾಟಿ ಹಾಲ್‌ಗೆ ಬಂದು ಕೂತಿರುತ್ತದೆ. ಕಳೆದ ಭಾನುವಾರವೂ ಹೀಗೇ ಆಯಿತು. ನಮ್ಮ ಯಜಮಾನರು ಮೂಗು ಮುಚ್ಚಿಕೊಂಡು, “ಸಿಂಕಿಗೆ ಸುರಿದ್ಬಿಡು ಕಣೇ, ಮಜ್ಜಿಗೆಹುಳಿಗೂ ಲಾಯಕ್ಕಿಲ್ಲ ಇದು” ಎಂದರು. ನನಗೆ ಕೈ ಬರಲಿಲ್ಲ. ಕಡೆದು, ಬಾಟಲಿಗೆ ತುಂಬಿ, ಫ್ರಿಜ್ಜಿನ ಬಾಗಿಲಲ್ಲಿ ನಿಲ್ಲಿಸಿದೆ. ಕೆಲವರು ವೈನನ್ನು ಹಳೆಯದಾಗಲಿ ಎಂದು ಎತ್ತಿಡುತ್ತಾರಂತೆ, ನಾನು ಮಜ್ಜಿಗೆಯನ್ನು ಎತ್ತಿಡುತ್ತೇನೆ. ಈ ಅಭ್ಯಾಸ ನನಗೆ ಅಂಟಿದ್ದು ಮೋರಾ ಆಂಟಿಯಿಂದ. ಮೋರಾ ಆಂಟಿಯ ವಿಷಯ ಎತ್ತಿದರೆ ಹನೋರಾಳ ಮಾತು ಬಾರದೆ ಇರುವುದಿಲ್ಲ. ಬಿಡುವಿದ್ದರೆ ಕೂತು ಕೇಳಿ.

ಈಗ ನಾವಿರುವುದು ವುಡ್‌ಲ್ಯಾಂಡ್ಸ್‌ನಲ್ಲಿ. ಮೈಸೂರಿನಿಂದ ಬಂದ ಹೊಸದರಲ್ಲಿ ಇದೇ ಊರಿನ ಇನ್ನೊಂದು ಬಡಾವಣೆ ಚೋವಾ ಚು ಕಾಂಗ್‌ನಲ್ಲಿದ್ದೆವು. ಸಾಮಾನು ಬಿಚ್ಚಿ ಇನ್ನೂ ವಾರವಾಗಿರಲಿಲ್ಲ. ಒಂದು ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಬೆಳ್ಳಗೆ ಎತ್ತರವಾಗಿದ್ದ ವಯಸ್ಸಾದ ಹೆಂಗಸು, ಕೈಯಲ್ಲೊಂದು ಖಾಲಿ ಜಗ್ಗು. “ನಿಮ್ಮ ಮನೆಯಲ್ಲಿ ಕೆಟ್ಟುಹೋದ ಮೊಸರು ಇದೆಯೇ?” ಎಂದು ಕೇಳಿದರು. ಅವರು ಆಡಿದ್ದೆಲ್ಲ ಇಂಗ್ಲಿಷ್. ನನ್ನ ನೆನಪಿನಲ್ಲಿ ಅದು ಯಾವಾಗಲೋ ಕನ್ನಡವಾಗಿಬಿಟ್ಟಿದೆ, ಹಾಗೆಯೇ ಬರೆಯುತ್ತೇನೆ. ಪಕ್ಕದ ಮನೆಯವರು ಮೊದಲ ಭೇಟಿಯಲ್ಲೇ ಹೀಗೆ ಕೇಳಿದರೆ ಯಾವ ಗೃಹಿಣಿಗೆ ತಾನೇ ಸಿಟ್ಟು ಬರುವುದಿಲ್ಲ? ನಾನು ಮುಖ ಗಂಟಿಕ್ಕಿದ್ದನ್ನು ಕಂಡು ಅವರು ಗಾಬರಿಯಿಂದ ವಿವರಿಸಿದರು. ಅವರದು ಐರ್ಲೆಂಡ್. ಅವರ ಕಡೆಯ ಬ್ರೆಡ್ಡಿಗೆ ಯೀಸ್ಟ್ ಇಲ್ಲ, ಸೋಡಾ ಮತ್ತು ಹುಳಿ ಮಜ್ಜಿಗೆ ಬೇಕು. ಈ ಊರಿನ ಅಂಗಡಿಗಳಲ್ಲಿ ಅಂಥ ಮಜ್ಜಿಗೆ ಸಿಗದು, ನಮಗಿಂತ ಮೊದಲು ಈ ಮನೆಯಲ್ಲಿದ್ದ ತಮಿಳರು ಕೊಡುತ್ತಿದ್ದರು. “ಹುಳಿಯಾದಷ್ಟೂ ಒಳ್ಳೆಯದು” ಎಂದರು. ನನ್ನ ಮನೆವಾರ್ತೆಯ ಸೋಲಿಗೂ ಲೋಕದಲ್ಲಿ ಬೇಡಿಕೆಯಿದೆ ಎಂದು ತಿಳಿದದ್ದು ಅವತ್ತೇ.

ಜಗ್ಗು ತುಂಬಿ ಹೋಯಿತು, ಮರುದಿನ ಬಿಸಿ ಬ್ರೆಡ್ಡು ಬಂತು. ಗುಂಡಗೆ, ಮೇಲೆ ಚಾಕುವಿನಿಂದ ಅಡ್ಡ ಉದ್ದ ಗೀರಿದ ಗಡಸು ಬ್ರೆಡ್ಡು. ನಾನು ಅದಕ್ಕೆ ತುಪ್ಪ ಸವರಿ ಚಟ್ನಿಪುಡಿ ಉದುರಿಸಿ ತಿಂದೆ. ಇದನ್ನು ನೋಡಿ ಮೋರಾ ಆಂಟಿ ಮೊದಲು ಬೆಚ್ಚಿಬಿದ್ದರು, ಆಮೇಲೆ ತಾವೂ ಅಭ್ಯಾಸ ಮಾಡಿಕೊಂಡರು. ಹೀಗೆ ಶುರುವಾದ ಸ್ನೇಹ ನಮ್ಮದು. ಅವರು ಹುಡುಗಿಯಾಗಿದ್ದಾಗಲೇ ಇಲ್ಲಿಗೆ ಟೀಚರ್ ಆಗಿ ಬಂದು, ಟಾನ್ ಅಂಕಲ್ ಎಂಬ ಚೀನೀ ಮೂಲದ ಮೆಕ್ಯಾನಿಕ್ಕನ್ನು ಮದುವೆಯಾಗಿ, ಇಲ್ಲೇ ನಿಂತವರು. ಅಂಕಲ್ ಉಬಿ ಎಂಬ ಬಡಾವಣೆಯ ಗ್ಯಾರೇಜೊಂದರಲ್ಲಿ ಕೆಲಸ ಮಾಡಿ ರಿಟೈರ್ ಆಗಿದ್ದರು. ಬ್ಲಾಕಿನ ಜನ, ಕಟ್ಟಡದ ಕೆಳಗಿನ ತೆರೆದ ಜಾಗ, ವಾಯ್ಡ್ ಡೆಕ್ಕಿನಲ್ಲಿ ಕೂರುವ ಮುದುಕರು, ಎಲ್ಲರಿಗೂ ಮೋರಾ ಆಂಟಿ ಬರೀ ‘ಟಾನ್ ಆಂಟಿ’. ಅದರಿಂದ ಅವರಿಗೇನೂ ಬೇಸರವಿದ್ದಂತಿರಲಿಲ್ಲ. ಅವರ ಬೇಸರವೆಲ್ಲ ಇನ್ನೊಬ್ಬಳ ಪರವಾಗಿತ್ತು. ಆ ಇನ್ನೊಬ್ಬಳೇ ಹನೋರಾ, ಅವರ ಮುತ್ತಜ್ಜಿಯ ತಂಗಿ.

ಬ್ರೆಡ್ಡಿನ ಮೇಲೆ ಚಾಕು ಇಟ್ಟರೆ ಸಾಕು, ಹನೋರಾಳ ಕಥೆ ಶುರುವಾಗುತ್ತಿತ್ತು. ಯಾಕೆಂದರೆ ಅದು ಹನೋರಾಳ ಮನೆಯ ಬ್ರೆಡ್ಡು. ಅಡುಗೆಮನೆಯ ಆಚೆಯಿಂದ ಟಾನ್ ಅಂಕಲ್, “ಎವ್ರಿಡೇ ಸೇಮ್ ಸ್ಟೋರಿ ಲಾ!” ಎಂದು ಕೂಗುತ್ತಿದ್ದರು. ಕೂಗಿದವರು ಟಿವಿಯ ಸದ್ದು ಕಡಿಮೆ ಮಾಡಿ ತಾವೂ ಕೇಳಿಸಿಕೊಳ್ಳುತ್ತಿದ್ದರು ಎಂಬುದನ್ನು ನಾನು ಗಮನಿಸಿದ್ದೇನೆ.

ಹತ್ತೊಂಬತ್ತನೆಯ ಶತಮಾನದ ನಡುಭಾಗ. ಐರ್ಲೆಂಡಿನ ಒಂದು ಸಣ್ಣ ಬಂದರು. ಹನೋರಾಳ ಅಪ್ಪನಿಗೆ ಅಲ್ಲಿ ಹಿಟ್ಟು, ಮೇಣದಬತ್ತಿ ಮಾರುವ ಅಂಗಡಿ. ಆಲೂಗಡ್ಡೆ ನೆಲದಲ್ಲೇ ಕೊಳೆತು, ಜನ ಹಸಿವಿನಿಂದ ದಾರಿಬದಿಯಲ್ಲಿ ಸಾಯುತ್ತಿದ್ದ ಕಾಲವದು. ಅದೇ ಸಮಯದಲ್ಲಿ ಆ ನಾಡಿನ ಗೋಧಿ, ಓಟ್ಸು ಗಾಡಿಗಟ್ಟಲೆ ಬಂದರಿಗೆ ಬಂದು, ಸಿಪಾಯಿಗಳ ಕಾವಲಿನಲ್ಲಿ ಇಂಗ್ಲೆಂಡಿನ ಹಡಗು ಹತ್ತುತ್ತಿತ್ತು. ಅಂಗಡಿಯ ಗಲ್ಲಾದ ಹಿಂದೆ ನಿಂತ ಹುಡುಗಿ ಇದನ್ನು ದಿನವೂ ನೋಡುತ್ತಿದ್ದಳು. ನೋಡಿ ನೋಡಿ ಪದ್ಯ ಬರೆದಳು. ಡಬ್ಲಿನ್ನಿನ ಒಂದು ಪತ್ರಿಕೆಗೆ ಕಳಿಸಿದಳು. ಕೆಳಗೆ ಹೆಸರಿನ ಬದಲು ‘ಒಬ್ಬ ಮಗಳು’ ಎಂದಷ್ಟೇ ಬರೆದಳು. ದೇಶವೇ ತಾಯಿ, ಆ ತಾಯಿ ಕೂದಲು ಬಿಚ್ಚಿಕೊಂಡು ಕಡಲ ದಡದಲ್ಲಿ ಕೂತು, ತನ್ನ ಕಣಜದ ಕಾಳು ಹಡಗು ಹತ್ತುವುದನ್ನು ನೋಡುತ್ತಿದ್ದಾಳೆ, ಮಗಳು ಅವಳಿಗೆ ಎದ್ದೇಳು ಎನ್ನುತ್ತಾಳೆ. ಪದ್ಯ ಅಚ್ಚಾದದ್ದೇ ತಡ, ಬಂದರಿನ ಮೀನುಗಾರ ಹೆಂಗಸರ ಬಾಯಿಗೆ ಹತ್ತಿಬಿಟ್ಟಿತು.

ಇಂಥ ಪದ್ಯ ಸರ್ಕಾರಕ್ಕೆ ಹಿಡಿಸುತ್ತದೆಯೇ? ಬರೆದವನನ್ನು ಹುಡುಕಿಕೊಂಡು ಪೊಲೀಸರು ಬಂದರು. ಬರೆದವನನ್ನು ಎಂದೆನಲ್ಲ, ಅದೇ ಹನೋರಾಳನ್ನು ಉಳಿಸಿದ್ದು. ಇಷ್ಟು ಬೆಂಕಿ ಕಾರುವ ಪದ್ಯವನ್ನು ಹುಡುಗಿ ಬರೆದಾಳು ಎಂದು ಯಾವ ಇನ್‌ಸ್ಪೆಕ್ಟರಿಗೂ ಹೊಳೆಯಲಿಲ್ಲ, ‘ಒಬ್ಬ ಮಗಳು’ ಎಂಬುದು ಯಾವನೋ ಹುಡುಗ ಹಾಕಿಕೊಂಡ ವೇಷವೆಂದೇ ತಿಳಿದರು. ಅವರು ಅಂಗಡಿಗೇ ಬಂದು ಅವಳನ್ನೇ ಕೇಳಿದರಂತೆ, “ಈ ಬೀದಿಯಲ್ಲಿ ಪದ್ಯ ಬರೆಯುವ ಹುಡುಗ ಯಾರು?” ಹನೋರಾ ಚಹಾ ಬಗ್ಗಿಸುತ್ತಾ, “ಬರೆಯುವಷ್ಟು ಮೈಯಲ್ಲಿ ಶಕ್ತಿಯಿದ್ದ ಹುಡುಗರೆಲ್ಲ ಅಮೆರಿಕದ ಹಡಗು ಹತ್ತಿದರು ಸ್ವಾಮಿ” ಎಂದಳಂತೆ. ಈ ಭಾಗ ಬಂದಾಗ ಮೋರಾ ಆಂಟಿ ಎದ್ದುನಿಂತು ಕೆಟಲ್ ಹಿಡಿದು ಅಭಿನಯಿಸಿಯೇ ತೋರಿಸುತ್ತಿದ್ದರು. ನಾನೇ ಇನ್‌ಸ್ಪೆಕ್ಟರ್, ನನಗೇ ಚಹಾ. ಕಾಫಿ ಕುಡಿದು ಬೆಳೆದ ನಾನು ಆ ಕಡುಗಪ್ಪು ಚಹಾವನ್ನು ರಾಜಭಕ್ತಿಯಿಂದ ಕುಡಿದು ಮುಗಿಸುತ್ತಿದ್ದೆ.

ಆಮೇಲೆ ಪತ್ರಿಕೆಯನ್ನು ಮುಚ್ಚಿಸಿದರು, ಸಂಪಾದಕನನ್ನು ಕೈದಿಗಳ ಹಡಗಿನಲ್ಲಿ ಭೂಮಿಯ ಆಚೆ ತುದಿಗೆ ಸಾಗಿಸಿದರು. ಹನೋರಾ ಬರೆಯುವುದನ್ನು ಬಿಡಲಿಲ್ಲ, ಅಚ್ಚು ಹಾಕಿಸುವುದನ್ನು ಬಿಟ್ಟಳು. ಹಿಟ್ಟು ಕೊಳ್ಳಲು ಬಂದ ಹೆಂಗಸರಿಗೆ ಹಿಟ್ಟಿನ ಜೊತೆ ನಾಲ್ಕು ಸಾಲು ಬಾಯಿಪಾಠ ಮಾಡಿಸಿ ಕಳಿಸುತ್ತಿದ್ದಳು. ಹಗ್ಗದ ವ್ಯಾಪಾರಿಯೊಬ್ಬನನ್ನು ಮದುವೆಯಾದಳು. ಅವನು ಒಳ್ಳೆಯ ಮನುಷ್ಯ, ಹೊಸ ಪದ್ಯ ಮೊದಲು ಕೇಳುವವನು ಅವನೇ. ಮಕ್ಕಳು, ಮೊಮ್ಮಕ್ಕಳು, ತುಂಬಿದ ಸಂಸಾರ. ಗುಟ್ಟಾಗಿ ಸಭೆ ಸೇರುವ ಹುಡುಗರಿಗೆ ಬ್ರೆಡ್ಡು ಸುಡುತ್ತಾ, ದೇಶ ಒಂದಲ್ಲ ಒಂದು ದಿನ ಸ್ವತಂತ್ರವಾಗುತ್ತದೆ ಎಂದು ಎದುರಾದವರಿಗೆಲ್ಲ ಹೇಳುತ್ತಾ, ಆ ದಿನ ನೋಡದೆಯೇ ಹಣ್ಣು ಮುದುಕಿಯಾಗಿ ತೀರಿಕೊಂಡಳು. ದುಃಖದ ಬಾಳಲ್ಲ, ಹಾಗೆಂದು ಮೋರಾ ಆಂಟಿಯೇ ಹೇಳುತ್ತಿದ್ದರು. ಒಂದು ವಿಷಯ ಮಾತ್ರ ಅವರಿಗೆ ನುಂಗಲಾಗದು. ಆ ಪದ್ಯ ಮುಂದೆ ಯಾವುದೋ ಸಂಕಲನ ಸೇರಿತು, ಕೆಳಗೆ ‘ಕವಿ ಅಜ್ಞಾತ’ ಎಂದು ಹಾಕಿದರು. ಸಮಾಧಿಯ ಕಲ್ಲಿನ ಮೇಲೆ ‘ಹಗ್ಗದ ವ್ಯಾಪಾರಿ ಇಂಥವರ ಪ್ರೀತಿಯ ಹೆಂಡತಿ’ ಎಂದಿದೆ, ಹೆಸರಿಲ್ಲ. ಮೋರಾ ಆಂಟಿ ಒಮ್ಮೆ ಊರಿಗೆ ಹೋದಾಗ ಹೆಸರು ಕೆತ್ತಿಸಲು ನೋಡಿದರಂತೆ. ಕಲ್ಲು ಮೆತ್ತಗಾಗಿದೆ, ಉಳಿ ಇಟ್ಟರೆ ಸೀಳುತ್ತದೆ ಎಂದು ಕೆತ್ತುವವರು ಹೇಳಿಬಿಟ್ಟರಂತೆ. “ಸಾಯುವುದರೊಳಗೆ ಒಂದು ಸಲ, ಯಾರಾದರೂ ಆ ಪದ್ಯವನ್ನು ಅವಳ ಹೆಸರಿನ ಜೊತೆಗೆ ಹೇಳಿದ್ದು ಕೇಳಬೇಕು. ನಾನಲ್ಲದೆ ಬೇರೆ ಯಾರಾದರೂ” ಎಂದು ಅವರು ಬ್ರೆಡ್ಡಿನ ಚೂರುಗಳನ್ನು ಒಂದುಗೂಡಿಸುತ್ತಾ ಹೇಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನನ್ನ ಆಫೀಸು ಆಗ ಉಬಿಯಲ್ಲಿ. ಚೋವಾ ಚು ಕಾಂಗ್‌ನಿಂದ ಉಬಿಗೆ ಎಂಆರ್‌ಟಿ ರೈಲಿನಲ್ಲಿ ಹೋಗುವುದೆಂದರೆ ದ್ವೀಪವನ್ನೇ ಅಡ್ಡ ಸೀಳಿದ ಹಾಗೆ. ಉಳಿದವರು ಫೋನಿನಲ್ಲಿ ಸೀರಿಯಲ್ ನೋಡುತ್ತಿದ್ದರೆ ನಾನು ಹನೋರಾಳ ಪದ್ಯವನ್ನು ಕನ್ನಡಕ್ಕೆ ತರಲು ಕೂತೆ. ಕಾಲೇಜಿನಲ್ಲಿ ಎರಡು ಕವನ ಬರೆದು ಬಹುಮಾನ ಗಿಟ್ಟಿಸಿದ ಗರ್ವ ಇನ್ನೂ ಇಳಿದಿರಲಿಲ್ಲ ನೋಡಿ. ಕೂತ ಮೇಲೆ ತಿಳಿಯಿತು ಕಷ್ಟ. ಸಾಲಿನ ಕೊನೆಯಲ್ಲಿ ಮಾತ್ರೆ ಕಡಿಮೆ ಬಿದ್ದಲ್ಲೆಲ್ಲ ಒಂದೊಂದು ‘ಅಮ್ಮ’ ತುರುಕಿದೆ. ಹೀಗೆ:

ಬಿಚ್ಚಿದ ಕೂದಲ ಕಟ್ಟದೆ ದಡದಲಿ ಕುಳಿತಿಹೆ ಏಕಮ್ಮ
ನಿನ್ನಯ ಕಣಜದ ಕಾಳಿನ ಮೂಟೆಯು ಹಡಗಿಗೆ ಹೋಯ್ತಮ್ಮ

ದೊಡ್ಡ ಕಾವ್ಯವೇನಲ್ಲ, ನನಗೂ ಗೊತ್ತು. ಆದರೂ ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿಕೊಂಡೆ. ಅಲ್ಲಿಗೆ ನೀರು ಕುಡಿಯಲು ಬಂದವರು ವಿಶಾಲಾಕ್ಷಿ ಆಂಟಿ.

ವಿಶಾಲಾಕ್ಷಿ ಆಂಟಿಯ ಪರಿಚಯ ಹೇಳಲೇಬೇಕು. ಮೈಸೂರಿನವರು, ಮಗನ ಜೊತೆ ಇಲ್ಲಿದ್ದು ವರ್ಷಕ್ಕೆ ಒಂದಷ್ಟು ತಿಂಗಳು ಊರಿಗೆ ಹೋಗಿಬರುವವರು. ನಮ್ಮ ಕಡೆಯ ಕನ್ನಡ ಹೆಂಗಸರ ಶುಕ್ರವಾರದ ಭಜನೆ ಗುಂಪಿಗೆ ಅವರದೇ ಮುಂದಾಳತ್ವ. ಸಾಫ್ಟ್‌ವೇರಿನವರೆಲ್ಲ ಲ್ಯಾಪ್‌ಟಾಪ್ ಮುಚ್ಚಿ ಅವರ ಮುಂದೆ ತಾಳ ಹಿಡಿದು ಕೂರುತ್ತಿದ್ದರು. ನವರಾತ್ರಿಯಲ್ಲಿ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಸಂಜೆ ಭಜನೆ. ಯಾರ ಮನೆಯೋ ಅವರು ಒಂದು ಹೊಸ ದೇವಿಯ ಹಾಡು ತರಬೇಕೆಂಬುದು ಆಂಟಿಯ ಕಟ್ಟಳೆ. ನನಗೋ ಹಾಡೆಂದರೆ ಗಂಟಲಿಗೆ ಬೀಗ. ಆಂಟಿ ಫ್ರಿಜ್ಜಿನ ಮುಂದೆ ನಿಂತು ಅದನ್ನು ಓದಿದರು, ಇನ್ನೊಮ್ಮೆ ಗುನುಗಿದರು, ಆಗಲೇ ಕೈ ತಾಳ ಹಾಕುತ್ತಿತ್ತು.

“ಏನ್ರೀ, ಇಷ್ಟ್ ಚೆನ್ನಾಗಿರೋ ದೇವಿ ಸ್ತುತಿ ಇಟ್ಕೊಂಡು ಹಾಡ್ ಇಲ್ಲ ಅಂತ ಟೆನ್ಷನ್ ಮಾಡ್ಕೊಂಡಿದೀರಾ?”

“ಆಂಟಿ, ಅದು ದೇವಿ ಮೇಲಿನ ಹಾಡಲ್ಲ. ಐರ್ಲೆಂಡ್ ದೇಶದ ಮೇಲೆ ಬರೆದಿರೋದು.”

“ತಾಯಿ ಅಂತ ಇದೆ, ಕೂದ್ಲು ಬಿಚ್ಕೊಂಡು ಕೂತಿದಾಳೆ, ಎದ್ದೇಳಮ್ಮ ಅಂತ ಮಕ್ಳು ಕರೀತಿದಾರೆ. ಇನ್ನೇನ್ ಬೇಕ್ರಿ ದೇವಿಗೆ?”

“ಹಡಗು ಇದೆಯಲ್ಲ ಆಂಟಿ?”

“ಇರ್ಲಿ ಬಿಡಿ, ನಾವೂ ಕಡಲು ದಾಟ್ಕೊಂಡೇ ಬಂದಿರೋದು.”

ಎಲ್ಲ ಆ ‘ಅಮ್ಮ’ಗಳ ಮಹಿಮೆ. ವಾರದೊಳಗೆ ಹಾಡಿಗೆ ಮೋಹನ ರಾಗ ಕೂತಿತು, ವಾಟ್ಸ್ಯಾಪ್ ಗುಂಪಿನಲ್ಲಿ ರೆಕಾರ್ಡಿಂಗ್ ಓಡಾಡಿತು. ಆಗ ಎದ್ದಿತು ನೋಡಿ ನಿಜವಾದ ಪ್ರಶ್ನೆ. “ಹಾಡೇನೋ ಸರಿ, ಅಂಕಿತ ಎಲ್ಲಿ?” ಎಂದರು ಆಂಟಿ. ದಾಸರ ಪದವೋ ವಚನವೋ, ಕೊನೆಯಲ್ಲಿ ಅಂಕಿತ ಬರಬೇಕು, ಹಾಡಿದವರು ಆ ಚರಣವನ್ನು ಬಿಡಬಾರದು, ಬಿಟ್ಟರೆ ಹಾಡು ಅನಾಥವಾಗುತ್ತದೆ ಎಂಬುದು ಅವರ ಗುರುಗಳು ಹಾಕಿಕೊಟ್ಟ ಪಾಠ. ಅಂಕಿತವಿಲ್ಲದ ಹಾಡನ್ನು ಅವರು ಬಾಯಿಗೇ ತರುವವರಲ್ಲ. “ಸಿಗ್ಲಿಲ್ಲ ಅಂದ್ರೆ ಯೋಚ್ನೆ ಬೇಡ, ನಮ್ ಗುರುಗಳ ಅಂಕಿತಾನೇ ಹಾಕ್ಬಿಡೋಣ. ಶುಕ್ರವಾರದೊಳಗೆ ಹೇಳಿ” ಎಂದರು. ಅವರ ಮನಸ್ಸಿನಲ್ಲಿ ಕಪಟವಿಲ್ಲ, ದಿಕ್ಕಿಲ್ಲದ ಹಾಡಿಗೆ ಮನೆ ಕೊಡುತ್ತಿದ್ದಾರೆ ಅಷ್ಟೆ. ನಾನು ಮಾತ್ರ ಲೆಕ್ಕ ಹಾಕುತ್ತಾ ಕೂತೆ. ಅಲ್ಲಿ ಗಂಡನ ಹೆಸರು, ಇಲ್ಲಿ ಗುರುಗಳ ಹೆಸರು. ಹನೋರಾ ಎರಡನೆಯ ಸಲ ಕಾಣೆಯಾಗುವುದು ನನ್ನ ಮನೆಯಲ್ಲೇ ಎಂದಾಯಿತು.

ಮೋರಾ ಆಂಟಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಹನೋರಾಳ ಸ್ವಾತಂತ್ರ್ಯಗೀತೆ ಭಜನೆಯಾದದ್ದಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂಕಿತದ ಮಾತು ಬಂದಾಗ ನಗು ನಿಂತಿತು. “ನಿಮ್ಮಲ್ಲಿ ಹೆಸರು ಹಾಡಿನ ಒಳಗೇ ಇರುತ್ತದೆಯೇ? ಹಾಡುವವರು ಅದನ್ನೂ ಹಾಡಲೇಬೇಕೇ?” ಎಂದು ಕೇಳಿದರು. ಹೌದೆಂದೆ. “ನನಗೇನೋ ಆಸೆ. ಆದರೆ ಅವಳು ಜೀವಮಾನವಿಡೀ ಹೆಸರು ಮುಚ್ಚಿಟ್ಟವಳು. ಕಲ್ಲಿನ ಮೇಲೂ ಬೇಡವೆಂದು ಅವಳೇ ಹೇಳಿದ್ದಳೋ ಏನೋ, ನನಗೇನು ಗೊತ್ತು? ಅವಳನ್ನು ಕೇಳದೆ ನಾನು ಹೇಗೆ ಕೊಡಲಿ?” ಎಂದರು. ಇದು ನನಗೆ ಹೊಳೆದೇ ಇರಲಿಲ್ಲ.

ಆ ವಾರ ಜಗ್ಗು ಬರಲಿಲ್ಲ. ನಮ್ಮ ಫ್ರಿಜ್ಜಿನಲ್ಲಿ ಮಜ್ಜಿಗೆ ಬಾಟಲಿಗಳು ಸಾಲುಗಟ್ಟಿದವು. ಕಾರಿಡಾರಿನಲ್ಲಿ ಸಿಕ್ಕರೆ ಮೋರಾ ಆಂಟಿ ಹವಾಮಾನದ ಮಾತಾಡುತ್ತಿದ್ದರು, ವರ್ಷವಿಡೀ ಒಂದೇ ಹವಾಮಾನವಿರುವ ಈ ಊರಿನಲ್ಲಿ! ನೋಯಿಸಿಬಿಟ್ಟೆನೇನೋ ಎಂದು ನಾನು ಒಳಗೊಳಗೇ ಒದ್ದಾಡಿದೆ. ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಹೊರಟು ಲಿಫ್ಟಿನ ಮುಂದೆ ನಿಂತಿದ್ದಾಗ ಅವರು ಮನೆಯ ಚಪ್ಪಲಿಯಲ್ಲೇ ಓಡಿಬಂದರು. ಎಂಬತ್ತರ ಹತ್ತಿರದ ಹೆಂಗಸು ಓಡಬಾರದು, ನಾನು ಗದರಿಸಲು ಬಾಯಿ ತೆರೆದೆ. ಅವರೇ ಮೊದಲು ಮಾತಾಡಿದರು.

“ಹಾಕು ಅವಳ ಹೆಸರು. ಅವಳು ಅದನ್ನು ಪೊಲೀಸರಿಂದ ಮುಚ್ಚಿಟ್ಟಳು, ಹಾಡುವ ಹೆಂಗಸರಿಂದ ಅಲ್ಲ. ಹಿಟ್ಟು ಕೊಳ್ಳಲು ಬರುತ್ತಿದ್ದವರಿಗೆಲ್ಲ ಅವಳು ಯಾರೆಂದು ಗೊತ್ತಿತ್ತಲ್ಲ! ಇಷ್ಟು ದಿನ ನನಗೆ ಇದು ತಲೆಗೆ ಹೋಗಲಿಲ್ಲ.”

ಅವತ್ತು ಉಬಿ ತಲುಪುವ ಹೊತ್ತಿಗೆ ಕೊನೆಯ ಚರಣ ಸಿದ್ಧವಾಗಿತ್ತು. ವಿಶಾಲಾಕ್ಷಿ ಆಂಟಿಗೆ ಕಳಿಸಿದೆ. “ಹನೋರಾ ಅನ್ನೋದು ಯಾವ ದೇವ್ರು?” ಎಂದು ಕೇಳಿದರು. ದೇವರಲ್ಲ, ಬರೆದವಳ ಹೆಸರು ಎಂದೆ. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು, “ಮೋಹನಕ್ಕೆ ಚೆನ್ನಾಗಿ ಕೂರತ್ತೆ.”

ನವರಾತ್ರಿಯಲ್ಲಿ ನಮ್ಮ ಮನೆಯ ಸಂಜೆ. ಹಾಲ್ ತುಂಬ ರೇಷ್ಮೆ ಸೀರೆ, ಮಲ್ಲಿಗೆ, ಕಡಲೆ ಉಸಲಿಯ ಘಮ. ನೆಲದಲ್ಲಿ ಕೂರಲಾಗದ ಮೋರಾ ಆಂಟಿಗೆ ಗೋಡೆ ಪಕ್ಕ ಕುರ್ಚಿ, ಹಣೆಗೆ ಯಾರೋ ಹಚ್ಚಿದ ಕುಂಕುಮ. ಪಕ್ಕದಲ್ಲಿ ಟಾನ್ ಅಂಕಲ್, ಇದ್ದ ಒಬ್ಬನೇ ಗಂಡಸು ತಾನು ಎಂಬ ಸಂಕೋಚದಲ್ಲಿ. ಹಾಡು ಶುರುವಾಯಿತು. ಅರ್ಥವಾಗದ ಭಾಷೆಯಲ್ಲಿ ತಮ್ಮ ಮನೆಯ ಪದ್ಯವನ್ನು ಮೋರಾ ಆಂಟಿ ಕೈ ಕಟ್ಟಿ ಕೇಳಿದರು. ಕೊನೆಯ ಚರಣ ಬಂತು:

ಬಾಗಿಲು ನಿನ್ನದು ಮನೆಯಿದು ನಿನ್ನದು ಎದ್ದೇಳೆಂದಳು ಹನೋರಾ

ಅಂಕಿತ ಬಂದಾಗ ತಾಳ ನಿಲ್ಲಿಸಿ ಕೈಮುಗಿಯುವುದು ನಮ್ಮ ಗುಂಪಿನ ಪದ್ಧತಿ. ಅಷ್ಟೂ ಹೆಂಗಸರು ತಾಳ ಕೆಳಗಿಟ್ಟು, ಕಣ್ಣು ಮುಚ್ಚಿ, ಕೈಮುಗಿದು ಆ ಹೆಸರನ್ನು ಮತ್ತೆ ಮತ್ತೆ ಹಾಡಿದರು. ಮೋರಾ ಆಂಟಿ ಕುರ್ಚಿಯಿಂದ ಎದ್ದು ನಿಂತರು. ಹಾಡು ಮುಗಿದು, ಮಂಗಳಾರತಿ ಆಗಿ, ಉಸಲಿ ಹಂಚುವವರೆಗೂ ನಿಂತೇ ಇದ್ದರು. ನನಗೆ ಅಷ್ಟು ಸಂತೋಷವಾದ ಸಂಜೆಗಳು ಬಾಳಿನಲ್ಲಿ ಹೆಚ್ಚಿಲ್ಲ.

ಇದೆಲ್ಲ ಆಗಿ ಎಷ್ಟೋ ವರ್ಷವಾಯಿತು. ನಾವು ವುಡ್‌ಲ್ಯಾಂಡ್ಸ್‌ಗೆ ಶಿಫ್ಟ್ ಆದೆವು, ಭಜನೆ ಗುಂಪೂ ಚದುರಿತು. ಕಳೆದ ಭಾನುವಾರ ಮಜ್ಜಿಗೆ ತುಂಬಿಟ್ಟ ಮಧ್ಯಾಹ್ನ ಇದೇ ಬ್ಲಾಕಿನಲ್ಲಿ ಪರಿಚಯದವರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಕೆಲಸಕ್ಕೆಂದು ಮೈಸೂರಿನಿಂದ ಹೊಸದಾಗಿ ಬಂದಿರುವ ಸಿಂಚನಾ ಎಂಬ ಹುಡುಗಿಗೆ ಹಾಡೆಂದರು. ಅವಳು ಗಂಟಲು ಸರಿಮಾಡಿಕೊಂಡು, “ಬಿಚ್ಚಿದ ಕೂದಲ ಕಟ್ಟದೆ ದಡದಲಿ” ಎಂದು ಎತ್ತಿಕೊಂಡಳು. ನನ್ನ ಕೈಯಲ್ಲಿದ್ದ ಸಜ್ಜಿಗೆಯ ದೊನ್ನೆ ಅಲ್ಲೇ ನಿಂತಿತು. ಹಾಡು ಮುಗಿದ ಮೇಲೆ, ಎಲ್ಲಿ ಕಲಿತೆ ಎಂದು ಕೇಳಿದೆ.

“ನಮ್ ಮ್ಯೂಸಿಕ್ ಮಿಸ್ ಹೇಳ್ಕೊಟ್ಟಿದ್ದು ಆಂಟಿ. ಅವ್ರಿಗೆ ಯಾರೋ ವಿಶಾಲಾಕ್ಷಿ ಅನ್ನೋರು ಕಲ್ಸಿದ್ರಂತೆ. ಟ್ರೆಡಿಷನಲ್ ಸಾಂಗು. ಹನೋರಾ ಅಂದ್ರೆ ಕಡಲ ತೀರದ ಯಾವುದೋ ಊರಿನ ಹರಿದಾಸಿ ಅಂತೆ, ತುಂಬಾ ಹಳೇ ಕಾಲದೋರು.”

ಅನುವಾದ ಮಾಡಿದವಳ ಹೆಸರು ಎಲ್ಲೂ ಇರಲಿಲ್ಲ. ಒಂದು ಗಳಿಗೆ ಚುರುಕ್ಕೆಂದಿತು, ಸುಳ್ಳೇಕೆ ಹೇಳಲಿ. ಮರುಗಳಿಗೆ ನಗು ಬಂತು. ಅವಳನ್ನು ಅಲ್ಲಿಂದಲೇ ಎಬ್ಬಿಸಿಕೊಂಡು ಎಂಆರ್‌ಟಿ ಹತ್ತಿ ಚೋವಾ ಚು ಕಾಂಗ್‌ಗೆ ಹೋದೆ. ಯಾರ ಮನೆ ಎಂದು ಹೇಳಲಿಲ್ಲ, ಒಬ್ಬರು ಅಜ್ಜಿಗೆ ಈ ಹಾಡು ಕೇಳಿಸಬೇಕು ಎಂದಷ್ಟೇ ಹೇಳಿದೆ.

ಮೋರಾ ಆಂಟಿಗೆ ಈಗ ಕಿವಿ ಮಂದ. ಮಾತಾಡುವವರ ತುಟಿ ನೋಡುತ್ತಾರೆ. ಟಾನ್ ಅಂಕಲ್ ಟಿವಿ ಆರಿಸಿದರು. ಸಿಂಚನಾ ಅವರ ಕಾಲ ಬಳಿ ಕೂತು ಹಾಡಿದಳು. ಆಂಟಿಗೆ ರಾಗ ಎಷ್ಟು ಕೇಳಿಸಿತೋ ತಿಳಿಯದು, ಕಣ್ಣು ಮಾತ್ರ ಹುಡುಗಿಯ ತುಟಿಯನ್ನು ಬಿಡಲಿಲ್ಲ. ಕೊನೆಯ ಚರಣ ಬಂತು. ನಾನು ಅವರಿಗೆ ಪರಿಚಯ ಮಾಡಿಕೊಡದ, ಕಥೆ ಗೊತ್ತಿಲ್ಲದ, ಎಲ್ಲಿಂದಲೋ ಬಂದ ಹುಡುಗಿ ತಾನಾಗಿ ಕೈಮುಗಿದು “ಹನೋರಾ” ಎಂದಳು. ಮೋರಾ ಆಂಟಿ ಕುರ್ಚಿಯಲ್ಲಿ ನೆಟ್ಟಗಾದರು. ಅವಳು ಪದ್ಧತಿಯಂತೆ ಇನ್ನೊಮ್ಮೆ ಹಾಡಿದಳು. ಜೀವನವಿಡೀ ಹಾಜರಿ ಕೂಗಿದ ಆ ಟೀಚರು, ಕ್ಲಾಸಿನ ಮಕ್ಕಳ ಹಾಗೆ ಬಲಗೈ ಮೇಲೆತ್ತಿ, ಸ್ಪಷ್ಟವಾದ ಧ್ವನಿಯಲ್ಲಿ ಹೇಳಿದರು, “ಪ್ರೆಸೆಂಟ್, ಮಿಸ್.”

ಸಿಂಚನಾ ಹಾಡು ನಿಲ್ಲಿಸಿ ಅವರನ್ನೂ ನನ್ನನ್ನೂ ನೋಡಿದಳು. ಮೆಲ್ಲಗೆ ನನ್ನ ಕಡೆ ಬಾಗಿ, “ಆಂಟಿ, ಇವ್ರೇನಾ ಹನೋರಾ?” ಎಂದಳು.

“ಅವಳ ಕಡೆಯವರು” ಎಂದೆ.